ನಲ್ಲಿ ಇಲ್ಲದ ಮನೆಗಳು ಎಲ್ಲಿಗೆ ಹೋದವು?

ಇಪ್ಪತ್ತೆರಡು ಸ್ಲೈಡಿನ ಪಿಪಿಟಿಯೊಂದನ್ನು ರಾತ್ರಿ ಎಂಟಕ್ಕೆ ಐದು ಜನ ಸಹೋದ್ಯೋಗಿಗಳಿಗೆ ಕಳಿಸಿ, 'ನಾಳೆ ಹತ್ತರೊಳಗೆ ಒಂದ್ಸಲ ನೋಡಿ ಹೇಳಿ' ಎಂದು ಬರೆದು ಮಲಗಿದ್ದೆ. ಬೆಳಿಗ್ಗೆ ತೆರೆದರೆ ಬಲಗಡೆಯ ಅಂಚಿನಲ್ಲಿ ನಲವತ್ತೊಂದು ಕಮೆಂಟು. ಹೊಟ್ಟೆ ತಣ್ಣಗಾಯಿತು. ಎಷ್ಟು ಮುತುವರ್ಜಿಯಿಂದ ನೋಡಿದ್ದಾರೆ! ಒಂದೊಂದೇ ಓದುತ್ತ ಹೋದೆ. ಲೋಗೊ ಸ್ವಲ್ಪ ಎಡಕ್ಕೆ ಸರಿಯಲಿ. ಏಳನೆಯ ಸ್ಲೈಡಿನ ನೀಲಿಯೂ ಒಂಬತ್ತನೆಯದರ ನೀಲಿಯೂ ಒಂದೇ ಅಲ್ಲ. 'ಫಲಾನುಭವಿ' ಎರಡು ಕಡೆ 'ಪಲಾನುಭವಿ' ಆಗಿದ್ದಾನೆ. ಬುಲೆಟ್ ಸಾಲುಗಳ ಕೊನೆಗೆ ಕೆಲವು ಕಡೆ ಪೂರ್ಣವಿರಾಮ ಇದೆ, ಕೆಲವು ಕಡೆ ಇಲ್ಲ. ಕೊನೆಯ ಸ್ಲೈಡಿನ 'ಧನ್ಯವಾದಗಳು' ಇನ್ನೂ ದೊಡ್ಡದಾಗಲಿ. ಎಲ್ಲವನ್ನೂ ತಿದ್ದಿದೆ. ಮಧ್ಯಾಹ್ನದ ಹೊತ್ತಿಗೆ ಪಿಪಿಟಿ ಮದುವೆಮನೆಯ ಹಾಗೆ ಕಂಗೊಳಿಸುತ್ತಿತ್ತು.

ಒಂದು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಕುಡಿಯುವ ನೀರಿನ ಬಗ್ಗೆ ನಾವು ಮಾಡಿದ್ದ ಮನೆಮನೆ ಸಮೀಕ್ಷೆ ಅದು. ಮಾರನೆಯ ದಿನ ಸಭೆಯಲ್ಲಿ ನಾಲ್ಕನೆಯ ಸ್ಲೈಡು ಪರದೆಯ ಮೇಲೆ ಬಂತು. ತಲೆಬರಹ: '70% ಮನೆಗಳಿಗೆ ದಿನಾ ನೀರು'. ಕೆಳಗೆ ಒಂದು ಚೆಂದದ ನೀಲಿ ವೃತ್ತ. ಎದುರು ಕೂತಿದ್ದ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿ ಕೇಳಿದರು.

'ಎಷ್ಟು ಮನೆ ನೋಡಿದ್ರಿ?'

'ನಾನೂರು ಸರ್.'

'ದಿನಾ ನೀರು ಬರೋ ಮನೆ?'

'ನೂರ ಎಪ್ಪತ್ತೈದು ಸರ್.'

'ನಾನೂರಕ್ಕೆ ನೂರ ಎಪ್ಪತ್ತೈದು ಅಂದ್ರೆ ಎಪ್ಪತ್ತು ಪರ್ಸೆಂಟ್ ಹೆಂಗಾಗುತ್ರೀ?'

ಹೇಗಾಗಿತ್ತು ಎಂದರೆ, ನಲ್ಲಿ ಇದ್ದ ಮನೆಗಳು 250. ಆ 250ರಲ್ಲಿ 175 ಮನೆಗೆ ದಿನಾ ನೀರು. ಅದು 70%. ಲೆಕ್ಕ ತಪ್ಪಿರಲಿಲ್ಲ. ಆದರೆ ತಲೆಬರಹದಲ್ಲಿ 'ನಲ್ಲಿ ಇರುವ' ಎಂಬ ಎರಡು ಪದ ಜಾಗ ಸಾಲದೆ ಎಲ್ಲೋ ಉದುರಿಹೋಗಿದ್ದವು. ನೋಡಿದ ಮನೆಗಳನ್ನೆಲ್ಲ ಹಿಡಿದರೆ ಅದು 44ನ್ನೂ ಮುಟ್ಟುವುದಿಲ್ಲ. ಅಧಿಕಾರಿ ಕನ್ನಡಕ ಇಳಿಸಿ ಮುಂದಿನ ಪ್ರಶ್ನೆ ಕೇಳಿದರು: 'ಹಂಗಾದ್ರೆ ನಲ್ಲೀನೇ ಇಲ್ದಿರೋ ನೂರೈವತ್ತು ಮನೆ ಎಲ್ಲಿಗೆ ಹೋದ್ವು?'

ನಲವತ್ತೊಂದು ಕಮೆಂಟಿನಲ್ಲಿ ಒಂದೂ ಆ ತಲೆಬರಹದ ಮೇಲೆ ಬಿದ್ದಿರಲಿಲ್ಲ. ತಪ್ಪಾಯಿತು, ಅದರ ಕೆಳಗಿನ ವೃತ್ತದ ಮೇಲೆ ಒಂದು ಬಿದ್ದಿತ್ತು: 'ನೈಸ್!'

ಇದನ್ನು ಸಹೋದ್ಯೋಗಿಗಳ ಮೇಲಿನ ದೂರಾಗಿ ಬರೆಯುತ್ತಿಲ್ಲ. ನಾನೂ ಬೇರೆಯವರ ಪಿಪಿಟಿಗೆ ಅದನ್ನೇ ಮಾಡುತ್ತ ಬಂದವನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ನಮ್ಮ ಕಚೇರಿಗಳಿಗೆ ಬಂದಾಗ ಸ್ವಲ್ಪ ಬದಲಾಗುತ್ತದೆ. ಎತ್ತು ಈಯಿತು ಎಂದರೆ ನಾವು ಕೊಟ್ಟಿಗೆಯ ಬಣ್ಣ ಚರ್ಚಿಸುತ್ತೇವೆ. ಬಣ್ಣ ಕಣ್ಣಿಗೆ ಕಾಣುತ್ತದೆ, ಎತ್ತು ಈದದ್ದನ್ನು ಪ್ರಶ್ನಿಸಬೇಕಾದರೆ ಕೊಟ್ಟಿಗೆಯೊಳಗೆ ಇಳಿದು ಸಗಣಿ ತುಳಿಯಬೇಕು.

ಬ್ರಿಟನ್ನಿನ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1957ರಲ್ಲಿ ಪುಸ್ತಕವಾಗಿ ತಂದ ತನ್ನ ತಮಾಷೆಯ ಬರಹಗಳಲ್ಲಿ ಇಂಥದ್ದೇ ಒಂದು ಸಮಿತಿಯನ್ನು ಕಲ್ಪಿಸಿದ. ಸಮಿತಿಯ ಮುಂದೆ ಒಂದು ಕೋಟಿ ಪೌಂಡಿನ ಪರಮಾಣು ಸ್ಥಾವರದ ಪ್ರಸ್ತಾಪ ಬರುತ್ತದೆ. ಎರಡೂವರೆ ನಿಮಿಷದಲ್ಲಿ ಪಾಸು. ಆಮೇಲೆ ಗುಮಾಸ್ತರು ಸೈಕಲ್ ನಿಲ್ಲಿಸುವ ಶೆಡ್ಡಿನ ವಿಷಯ. ಅದಕ್ಕೆ ಮುಕ್ಕಾಲು ಗಂಟೆ. ಕೊನೆಗೆ ಸಭೆಯಲ್ಲಿ ಕೊಡುವ ಕಾಫಿಯ ಖರ್ಚು. ಅದಕ್ಕೆ ಇನ್ನೂ ಹೆಚ್ಚು. ಸ್ಥಾವರ ಅರ್ಥವಾಗದವನು ಬಾಯಿ ಮುಚ್ಚಿ ಕೂರುತ್ತಾನೆ, ಅರ್ಥವಾದವನಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ, ಶೆಡ್ಡಿನ ಮೇಲೆ ತಗಡು ಹಾಕಬೇಕೋ ಶೀಟು ಹಾಕಬೇಕೋ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಪಿಪಿಟಿಗಳಲ್ಲಿ ಫಾಂಟು ಆ ಶೆಡ್ಡು. ಲೋಗೊ ಆ ಕಾಫಿ.

ಸ್ಲೈಡಿಗೇ ಒಂದು ಜಾಯಮಾನವಿದೆ, ಅದನ್ನೂ ಹೇಳಬೇಕು. ಪವರ್‌ಪಾಯಿಂಟ್ ಹುಟ್ಟಿದ್ದು ಮೈಕ್ರೋಸಾಫ್ಟಿನಲ್ಲಿ ಅಲ್ಲ. ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಮತ್ತು ಜೊತೆಗಾರರು ಅದನ್ನು ಮಾಡಿದರು. ಮೊದಲು ಇಟ್ಟಿದ್ದ ಹೆಸರು ಪ್ರೆಸೆಂಟರ್. 1987ರ ಏಪ್ರಿಲ್‌ನಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಹೊರಬಂದ ಮೊದಲ ಆವೃತ್ತಿಯ ಕೆಲಸ ಓವರ್‌ಹೆಡ್ ಪ್ರೊಜೆಕ್ಟರಿಗೆ ಬೇಕಾದ ಕಪ್ಪು-ಬಿಳುಪಿನ ಪಾರದರ್ಶಕ ಹಾಳೆ ತಯಾರಿಸಿಕೊಡುವುದಾಗಿತ್ತು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡಿತು. ಆ ಹಾಳೆಗಳು ಮಾತಾಡುವವನ ಬೆನ್ನ ಹಿಂದಿನ ಪರದೆಗೆಂದು ಹುಟ್ಟಿದವು. ಮಾತು ಮುಂದೆ, ಹಾಳೆ ಹಿಂದೆ. ಇವತ್ತು ಮಾತಾಡುವವನು ಇಲ್ಲದೆಯೇ ಸ್ಲೈಡುಗಳು ಮೇಲ್‌ನಲ್ಲಿ, ವಾಟ್ಸ್ಯಾಪ್‌ನಲ್ಲಿ ಓಡಾಡುತ್ತವೆ. ಬಾಯಲ್ಲಿ ಹೇಳಲೆಂದು ಬಿಟ್ಟ ಮಾತು ಸ್ಲೈಡಿನಲ್ಲಿ ಇರುವುದಿಲ್ಲ. ಕಮೆಂಟು ಹಾಕುವ ಸಹೋದ್ಯೋಗಿಗೆ ಸಿಗುವುದು ಹಾಡುಗಾರನಿಲ್ಲದ ಶ್ರುತಿಪೆಟ್ಟಿಗೆ.

ಸ್ಲೈಡಿನ ತಲೆಬರಹ ಏನು ಮಾಡಬಲ್ಲದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಕಹಿಯಾದ ಉದಾಹರಣೆ 2003ರದು. ಜನವರಿ 16ರಂದು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಏಳು ಜನರನ್ನು ಹೊತ್ತು ಹಾರಿತು. ಅವರಲ್ಲಿ ಒಬ್ಬರು ಕರ್ನಾಲಿನ ಕಲ್ಪನಾ ಚಾವ್ಲಾ. ಹಾರಿದ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನಿಂದ ನೊರೆಯಂಥ ಹಗುರ ಹೊದಿಕೆಯ ತುಂಡೊಂದು ಕಿತ್ತುಬಂದು ಎಡರೆಕ್ಕೆಗೆ ಬಡಿಯಿತು. ಮರುದಿನ ಚಿತ್ರಗಳನ್ನು ನೋಡಿದ ಎಂಜಿನಿಯರುಗಳಿಗೆ ಅದು ಕಾಣಿಸಿತು. ನೌಕೆ ಇನ್ನೂ ಕಕ್ಷೆಯಲ್ಲಿದೆ, ಕೈಯಲ್ಲಿ ಎರಡು ವಾರವಿದೆ. ಪೆಟ್ಟು ಎಷ್ಟು ಆಳದ್ದು ಎಂದು ಬೋಯಿಂಗ್‌ನ ಎಂಜಿನಿಯರುಗಳು ಲೆಕ್ಕ ಹಾಕಿ ನಾಸಾದವರ ಮುಂದೆ ಸ್ಲೈಡುಗಳಲ್ಲಿ ಇಟ್ಟರು.

ಅವುಗಳಲ್ಲಿ ಒಂದನ್ನು ಅಮೆರಿಕದ ಮಾಹಿತಿ ವಿನ್ಯಾಸ ತಜ್ಞ ಎಡ್ವರ್ಡ್ ಟಫ್ಟಿ ಆಮೇಲೆ ಸಾಲುಸಾಲಾಗಿ ಬಿಡಿಸಿ ತೋರಿಸಿದರು. ಅಪಘಾತದ ತನಿಖಾ ಮಂಡಳಿಯೂ ಆ ಸ್ಲೈಡನ್ನು 2003ರ ಆಗಸ್ಟಿನ ತನ್ನ ವರದಿಯಲ್ಲಿ ಅಚ್ಚು ಹಾಕಿತು. ನೀವೂ ನಿಮ್ಮ ಮೇಜಿನ ಮೇಲೆ ಅದು ರಿವ್ಯೂಗೆ ಬಂದಿದೆ ಎಂದುಕೊಂಡು ನೋಡಿ. ದಪ್ಪ ಅಕ್ಷರದ ತಲೆಬರಹದ ಸಾರ ಇಷ್ಟು: ಪರೀಕ್ಷೆಯ ಅಂಕಿಅಂಶ ನೋಡಿದರೆ ನಮ್ಮ ಲೆಕ್ಕ ಸುರಕ್ಷಿತ ಕಡೆಗೇ ವಾಲಿದೆ. ಅಂದರೆ ಗಾಬರಿ ಬೇಡ. ಅದರ ಕೆಳಗೆ ದೊಡ್ಡ ಬುಲೆಟ್, ಅದರ ಕೆಳಗೆ ಅಡ್ಡಗೀಟು, ಅದರ ಕೆಳಗೆ ಇನ್ನೂ ಸಣ್ಣ ಚುಕ್ಕಿ, ಹೀಗೆ ಮಕ್ಕಳು ಮೊಮ್ಮಕ್ಕಳು. 'ಗಣನೀಯ' ಎಂಬರ್ಥದ ಇಂಗ್ಲಿಷ್ ಮಾತು ಒಂದೇ ಸ್ಲೈಡಿನಲ್ಲಿ ಐದು ಸಲ ಬರುತ್ತದೆ, ಒಂದು ಸಲವೂ ಎಷ್ಟು ಎಂದು ಹೇಳುವುದಿಲ್ಲ. ಘನ ಇಂಚು ಎಂಬುದನ್ನು ಮೂರು ಕಡೆ ಮೂರು ಥರ ಬರೆದಿದ್ದಾರೆ. ಕಟ್ಟಕಡೆಯ ಸಾಲಿಗೆ, ಅತಿ ಸಣ್ಣ ಅಕ್ಷರಕ್ಕೆ ಇಳಿದರೆ ಅಲ್ಲಿದೆ ವಿಷಯ: ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚಿನದು, ಬಡಿದದ್ದು 1920 ಘನ ಇಂಚಿನದು.

640 ಪಟ್ಟು. ಗೋಲಿ ಎಸೆದು ನೋಡಿ, ಗುಂಡುಕಲ್ಲು ಬಿದ್ದರೂ ಏನೂ ಆಗುವುದಿಲ್ಲ ಎಂದ ಹಾಗೆ. ತಲೆಬರಹ ಒಂದು ಹೇಳುತ್ತದೆ, ಕೊನೆಯ ಸಾಲು ಅದನ್ನು ಪೂರ್ತಿ ಹೊಡೆದುಹಾಕುತ್ತದೆ. ಆದರೆ ಸ್ಲೈಡನ್ನು ನೋಡುವವರ ಕಣ್ಣು ಮೇಲಿನಿಂದ ಕೆಳಕ್ಕೆ, ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತದೆ, ಮಧ್ಯದಲ್ಲೆಲ್ಲೋ ದಣಿಯುತ್ತದೆ. ಎಂಜಿನಿಯರುಗಳ ಅನುಮಾನಗಳು ಒಂದು ಸಭೆಯಿಂದ ಇನ್ನೂ ಮೇಲಿನ ಸಭೆಗೆ ಹೋಗುತ್ತ ಹೋಗುತ್ತ ಸವೆದವು ಎಂದು ಮಂಡಳಿ ಬರೆಯಿತು. ಪೂರ್ಣ ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡು ಬಂದು ಕೂತಿರುವುದೇ ಒಂದು ಕಾಯಿಲೆಯ ಲಕ್ಷಣ ಎಂದೂ ಸೇರಿಸಿತು. ಫೆಬ್ರುವರಿ 1ರಂದು ಮರಳುವ ದಾರಿಯಲ್ಲಿ ನೌಕೆ ಟೆಕ್ಸಾಸಿನ ಮೇಲೆ ಒಡೆದು ಚೂರಾಯಿತು. ನಾಲ್ಕು ದಿನದ ನಂತರ ನಮ್ಮ ಇಸ್ರೊದ ಮೆಟ್‌ಸ್ಯಾಟ್-1 ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು.

ಸ್ಲೈಡೊಂದೇ ಆ ಏಳು ಜನರನ್ನು ಕೊಂದಿತು ಎಂದರೆ ಉತ್ಪ್ರೇಕ್ಷೆ. ನಾಸಾದ ಒಳಗಿನ ಗಡಿಬಿಡಿ, ವೇಳಾಪಟ್ಟಿಯ ಒತ್ತಡ, 'ಹಿಂದೆಯೂ ಹೊದಿಕೆ ಉದುರಿತ್ತು, ಏನೂ ಆಗಿರಲಿಲ್ಲ' ಎಂಬ ರೂಢಿಬಿದ್ದ ಧೈರ್ಯ, ಎಲ್ಲ ಸೇರಿದ್ದವು. ನನಗೆ ಆ ಸ್ಲೈಡಿಗಿಂತ ಹೆಚ್ಚು ಕಾಡುವುದು ತನಿಖಾ ವರದಿಯಲ್ಲೇ ಇರುವ ಇನ್ನೊಂದು ಸಂಗತಿ. ರಾಡ್ನಿ ರೋಚಾ ಎಂಬ ನಾಸಾ ಎಂಜಿನಿಯರ್ ರೆಕ್ಕೆಯ ಚಿತ್ರ ತೆಗೆಸಬೇಕು ಎಂದು ಕೇಳಿಕೊಂಡಿದ್ದರು. ಕೋರಿಕೆ ಕೈಗೂಡಲಿಲ್ಲ. ಆಗ ಅವರು ಇದು ಗಂಭೀರ ತಪ್ಪು ಎಂಬ ಅರ್ಥದ ಮೇಲ್ ಒಂದನ್ನು ಬರೆದರು. ಬರೆದದ್ದನ್ನು ಪ್ರಿಂಟ್ ತೆಗೆದು ಸಹೋದ್ಯೋಗಿಯೊಬ್ಬರಿಗೆ ತೋರಿಸಿದರು. ಮೇಲಿನವರಿಗೆ ಕಳಿಸಲಿಲ್ಲ. ತನ್ನ ಮೇಲಧಿಕಾರಿಗಳನ್ನು ದಾಟಿ ಹೋಗುವುದು ಬೇಡವೆನಿಸಿತ್ತು.

ಪಕ್ಕದ ಮೇಜಿನವನಿಗೆ ತೋರಿಸಿದ್ದು, ಆದರೆ ಕಳಿಸದಿದ್ದದ್ದು. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ಗೊತ್ತು. ನೀರಿನ ಪಿಪಿಟಿಯ ಸಭೆ ಮುಗಿದ ಸಂಜೆ ಟೀ ಕುಡಿಯುವಾಗ ನಮ್ಮ ತಂಡದ ಕಿರಿಯಳೊಬ್ಬಳು, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಗ್ಲಾಸಿನ ಅಂಚನ್ನೇ ನೋಡುತ್ತ ಹೇಳಿದಳು: 'ಸರ್, ನನಗೆ ಆ ಸೆವೆಂಟಿ ಮೊನ್ನೇನೇ ಡೌಟ್ ಬಂದಿತ್ತು.'

'ಮತ್ತೆ ಯಾಕಮ್ಮ ಬರೀಲಿಲ್ಲ?'

'ನೀವು ಮಾಡಿದ್ದಲ್ವಾ ಸರ್. ನನಗೇ ಅರ್ಥ ಆಗಿಲ್ವೇನೋ ಅಂದ್ಕೊಂಡೆ.'

ಅವಳು ಹಾಕಿದ್ದ ಕಮೆಂಟು ಯಾವುದು ಎಂದು ಆಮೇಲೆ ಹುಡುಕಿ ನೋಡಿದೆ. 'ಪಲಾನುಭವಿ'ಯನ್ನು ತಿದ್ದಿದ್ದವಳು ಅವಳೇ. ಮಹಾಪ್ರಾಣ ಹಾಕಲು ಧೈರ್ಯ ಬೇಕಿಲ್ಲ. ಛೇದದ ಬಗ್ಗೆ ಕೇಳಲು ಬೇಕು.

ಟೀಕೆ ಎಂಬ ನಮ್ಮ ಪದದ ಪಾಡನ್ನೇ ನೋಡಿ. ಮೂಲದಲ್ಲಿ ಅದು ಬೈಗುಳವಲ್ಲ. ಗ್ರಂಥದ ಕಷ್ಟದ ಜಾಗಗಳನ್ನು ಬಿಡಿಸಿ ಹೇಳುವ ವ್ಯಾಖ್ಯಾನ ಟೀಕೆ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರನ್ನು ಟೀಕಾಚಾರ್ಯರು ಎಂದೇ ಗೌರವದಿಂದ ಕರೆಯುತ್ತಾರೆ. ಅದೇ ಟೀಕೆ ಇವತ್ತಿನ ಕನ್ನಡದಲ್ಲಿ ತಪ್ಪು ಹುಡುಕುವುದು, ಜರೆಯುವುದು ಆಗಿ ಕೂತಿದೆ. ಕಚೇರಿಯಲ್ಲೂ ಹಾಗೆಯೇ. 'ಸ್ಲೈಡಿನ ಮೇಲೆ ಒಂದು ಪ್ರಶ್ನೆ ಇದೆ' ಎಂದರೆ ಅದು ಸ್ಲೈಡಿನ ಮೇಲೆ ಎಂದು ಯಾರೂ ಕೇಳಿಸಿಕೊಳ್ಳುವುದಿಲ್ಲ, ಮಾಡಿದವರ ಮೇಲೆ ಎಂದೇ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ನಮ್ಮವರ ಕಮೆಂಟುಗಳು ಎರಡೇ ಜಾತಿ. ಮೇಲಿನಿಂದ ಕೆಳಕ್ಕೆ ಬರುವುದು ಇಂಗ್ಲಿಷಿನ ಒಂದೂವರೆ ಪದ: 'ಫಿಕ್ಸ್ ಪ್ಲೀಸ್', 'ನಾಟ್ ಕ್ಲಿಯರ್', 'ರೀವರ್ಕ್'. ಕೆಳಗಿನಿಂದ ಮೇಲಕ್ಕೆ ಹೋಗುವುದು 'ಸರ್, ಒಂದು ಸಣ್ಣ ಕರೆಕ್ಷನ್, ತಪ್ಪು ತಿಳ್ಕೋಬೇಡಿ' ಎಂದು ಶುರುವಾಗಿ ಅಲ್ಪವಿರಾಮದ ಬಗ್ಗೆ ಮುಗಿಯುತ್ತದೆ.

'ನಾಟ್ ಕ್ಲಿಯರ್' ಎಂಬ ಕಮೆಂಟಿನ ಮೇಲೆ ನನಗೆ ವಿಶೇಷ ಸಿಟ್ಟಿದೆ. ಯಾವುದು, ಯಾರಿಗೆ, ಎಲ್ಲಿ? ವೈದ್ಯರ ಬಳಿ ಹೋಗಿ 'ನೋವು' ಎಂದಷ್ಟೇ ಹೇಳಿ ಎದ್ದುಬಂದ ಹಾಗೆ. ಒಮ್ಮೆ ಅಂಥ ಕಮೆಂಟಿಗೆ ಮೂರು ಸಲ ತಿದ್ದಿ ಮೂರು ಸಲವೂ ಅದೇ ಉತ್ತರ ಪಡೆದೆ. ನಾಲ್ಕನೆಯ ಸಲ ಫೋನ್ ಮಾಡಿದರೆ ತಿಳಿಯಿತು, ಅವರ ಲ್ಯಾಪ್‌ಟಾಪಿನಲ್ಲಿ ಕನ್ನಡ ಅಕ್ಷರಗಳೇ ಸರಿಯಾಗಿ ಮೂಡುತ್ತಿರಲಿಲ್ಲ!

ಕನ್ನಡದಲ್ಲಿ ಪಿಪಿಟಿ ಮಾಡುವವರ ಕಷ್ಟ ಇದು, ಇಂಗ್ಲಿಷಿನವರಿಗೆ ಇದರ ಗಂಧವೂ ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಸ್ಲೈಡು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಬದಲು ಯಾವುದೋ ಯುರೋಪಿನ ಮಂತ್ರದ ಹಾಗೆ ಕಾಣುತ್ತದೆ. ಯುನಿಕೋಡಿನಲ್ಲಿ ಮಾಡಿದರೆ ಅಷ್ಟು ಅನಾಹುತವಿಲ್ಲ, ಆದರೆ ನಾನು ಒಂದು ಫಾಂಟಿನಲ್ಲಿ ಮಾಡಿದ್ದು ನಿಮ್ಮಲ್ಲಿ ಇನ್ನೊಂದಕ್ಕೆ ಬದಲಾಗಿ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿ, ಎರಡು ಸಾಲಿನ ತಲೆಬರಹ ಮೂರು ಸಾಲಾಗಿ, ಪೆಟ್ಟಿಗೆಯ ಹೊರಗೆ ಕಾಲು ಚಾಚುತ್ತದೆ. ಆಗ ಬರುವ ಕಮೆಂಟು: 'ಟೆಕ್ಸ್ಟ್ ಹೊರಗೆ ಬಂದಿದೆ.' ನನ್ನ ಪರದೆಯಲ್ಲಿ ಬಂದಿಲ್ಲ. ಇಬ್ಬರೂ ನಿಜ ಹೇಳುತ್ತಿದ್ದೇವೆ, ಇಬ್ಬರೂ ಬೇರೆ ಬೇರೆ ಸ್ಲೈಡು ನೋಡುತ್ತಿದ್ದೇವೆ. ಸೇವ್ ಮಾಡುವಾಗ ಫಾಂಟನ್ನೂ ಫೈಲಿನೊಳಗೇ ಸೇರಿಸುವ ಆಯ್ಕೆ ಪವರ್‌ಪಾಯಿಂಟಿನ ಸೆಟ್ಟಿಂಗುಗಳಲ್ಲಿದೆ. ಇಲ್ಲವೇ ಜೊತೆಗೊಂದು ಪಿಡಿಎಫ್ ಇಟ್ಟು 'ಹೀಗೆ ಕಾಣಬೇಕು' ಎಂದರೆ ಅರ್ಧ ಜಗಳ ಅಲ್ಲೇ ಕಡಿಮೆ.

ಉಪಕರಣದ ಮಾತು ಬಂದದ್ದರಿಂದ ಇನ್ನೆರಡು ಹೇಳಿಬಿಡುತ್ತೇನೆ. ವರ್ಡ್ ಫೈಲಿನಲ್ಲಿ ಯಾರು ಯಾವ ಪದ ಹೊಡೆದರು, ಯಾವುದನ್ನು ಸೇರಿಸಿದರು ಎಂದು ಬಣ್ಣದಲ್ಲಿ ತೋರಿಸುವ ಟ್ರ್ಯಾಕ್ ಚೇಂಜಸ್ ಇದೆ. ಪವರ್‌ಪಾಯಿಂಟಿನಲ್ಲಿ ಹಾಗೆ ಬರೆಯುತ್ತಲೇ ಗುರುತು ಬೀಳುವ ವ್ಯವಸ್ಥೆಯಿಲ್ಲ. ರಿವ್ಯೂ ಪಟ್ಟಿಯಲ್ಲಿ ಕಂಪೇರ್ ಎಂಬುದೊಂದಿದೆ, ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಏನು ಬದಲಾಯಿತು ಎಂದು ಹೇಳುತ್ತದೆ, ಅದನ್ನು ಬಳಸುವವರನ್ನು ನಾನು ಕಂಡದ್ದು ಕಡಿಮೆ. ಹೀಗಾಗಿ ಸ್ಲೈಡಿಗೆ ನೇರವಾಗಿ ಕೈಹಾಕಿ ತಿದ್ದುವ ಸಹೋದ್ಯೋಗಿ ಎಷ್ಟೇ ಒಳ್ಳೆಯವನಾದರೂ ಅಪಾಯಕಾರಿ. ಸದ್ದಿಲ್ಲದೆ ಒಂದು ಅಂಕಿ ಬದಲಾಗಿರುತ್ತದೆ, ಯಾರು ಬದಲಿಸಿದರು ಎಂದು ತಿಳಿಯಲು ಹಳೆಯ ಪ್ರತಿಗಳನ್ನು ಅಗೆಯಬೇಕು. ಆಮೇಲೆ ಫೈಲುಗಳ ಹೆಸರು 'ಫೈನಲ್', 'ಫೈನಲ್ ಹೊಸದು', 'ಫೈನಲ್ ಇದೇ', 'ಫೈನಲ್ ಇದೇ 2' ಎಂದು ಸಂಸಾರ ಬೆಳೆಸುತ್ತವೆ. ತಿದ್ದಬೇಡಿ, ಕಮೆಂಟು ಹಾಕಿ. ತಿದ್ದುವ ಹಕ್ಕು ಒಬ್ಬರಿಗೇ ಇರಲಿ.

ಎರಡನೆಯದು ಮಾನ ಹೋಗುವ ವಿಷಯ. ಕಮೆಂಟುಗಳು ಸ್ಲೈಡಿನ ಜೊತೆಗೇ ಪ್ರಯಾಣ ಮಾಡುತ್ತವೆ. ಗ್ರಾಹಕರಿಗೆ ಕಳಿಸಿದ ಪಿಪಿಟಿಯೊಂದರಲ್ಲಿ 'ಈ ನಂಬರ್ ಅವರು ನಂಬ್ತಾರಾ?' ಎಂಬ ನಮ್ಮವನೊಬ್ಬನ ಕಮೆಂಟು ಹಾಗೇ ಉಳಿದಿತ್ತು. ಅವರು ನಂಬಲಿಲ್ಲ. ಸ್ಲೈಡಿನ ಕೆಳಗಿನ ನೋಟ್ಸಿನಲ್ಲಿ ಬರೆದುಕೊಂಡದ್ದೂ ಹೋಗುತ್ತದೆ. ಎಕ್ಸೆಲಿನಿಂದ ಚಾರ್ಟನ್ನು ಹಾಳೆಯ ಸಮೇತ ಅಂಟಿಸಿದ್ದರೆ ಇಡೀ ಹಾಳೆ, ಅದರ ಪಕ್ಕದ ಸಂಬಳದ ಹಾಳೆಯೂ ಸೇರಿ, ಚಾರ್ಟಿನ ಹಿಂದೆ ಅಡಗಿ ಕೂತಿರುತ್ತದೆ. ಕಳಿಸುವ ಮುಂಚೆ ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಎಂಬ ಸೌಲಭ್ಯ ಒಮ್ಮೆ ಒತ್ತಿದರೆ ಕಮೆಂಟು, ನೋಟ್ಸು ಎಲ್ಲವನ್ನೂ ಹುಡುಕಿ ತೋರಿಸುತ್ತದೆ. ಅಡುಗೆಮನೆಯ ಮಾತು ಪಂಕ್ತಿಗೆ ಬರಬಾರದಲ್ಲ.

ಹೀಗೆ ಹೇಳುವಾಗ ನನಗೆ ಸರ್ಕಾರಿ ಕಡತದ ಟಿಪ್ಪಣಿ ಹಾಳೆ ನೆನಪಾಗುತ್ತದೆ. ಅದರ ನಿಧಾನವನ್ನು ಎಲ್ಲರೂ ಬೈಯುತ್ತೇವೆ. ಆದರೆ ಸಹೋದ್ಯೋಗಿಗಳು ಒಂದು ವಿಷಯದ ಮೇಲೆ ಸಾಲಾಗಿ ಅಭಿಪ್ರಾಯ ಬರೆಯುವುದಕ್ಕೆ ನಮ್ಮಲ್ಲಿ ಇರುವ ಹಳೆಯ, ಗಟ್ಟಿ ಪದ್ಧತಿ ಅದೇ. ವಿಷಯ ನಿರ್ವಾಹಕ ಮೊದಲು ಬರೆಯುತ್ತಾನೆ, ಅಂದರೆ ಸಾಲಿನಲ್ಲಿ ಎಲ್ಲರಿಗಿಂತ ಕೆಳಗಿರುವವನು. ಪ್ರತಿ ಕಂಡಿಕೆಗೂ ಸಂಖ್ಯೆ. 'ಆದೇಶಕ್ಕಾಗಿ ಮಂಡಿಸಿದೆ' ಎಂದು ಸಹಿ. ಮೇಲಿನವರು ಒಪ್ಪದಿದ್ದರೆ ಅವನ ಕಂಡಿಕೆಯನ್ನು ಅಳಿಸುವಂತಿಲ್ಲ, ಕೆಳಗೆ ತಮ್ಮ ಕಾರಣ ಬರೆದು ಸಹಿ ಹಾಕಬೇಕು. ಅಂಚಿನಲ್ಲಿ 'ಚರ್ಚಿಸಿ' ಎಂದು ಒಂದೇ ಪದ ಬರೆದು ಕಡತವನ್ನು ಕೆಳಗಿಳಿಸುವ ಅಧಿಕಾರಿಗಳೂ ಉಂಟು, ಅದು ನಮ್ಮ 'ನಾಟ್ ಕ್ಲಿಯರ್'ನ ಅಜ್ಜ. ಆದರೂ ಹತ್ತು ವರ್ಷದ ಮೇಲೆ ಯಾರಾದರೂ ಕಡತ ಬಿಚ್ಚಿದರೆ ಕಂಡಿಕೆ 14ರಲ್ಲಿ ಗುಮಾಸ್ತನೊಬ್ಬ ಎತ್ತಿದ್ದ ಆಕ್ಷೇಪ ಹಾಗೇ ಇರುತ್ತದೆ. ನಮ್ಮ ಸ್ಲೈಡುಗಳಲ್ಲಿ 'ರಿಸಾಲ್ವ್' ಎಂಬ ಗುಂಡಿಯಿದೆ. ಒತ್ತಿದರೆ ಪ್ರಶ್ನೆ ಕಣ್ಣಿಂದ ಮರೆ. ಉತ್ತರ ಬರೆದಿರಬೇಕೆಂಬ ಕಟ್ಟಳೆಯೇನೂ ಇಲ್ಲ. ಆ ನಲವತ್ತೊಂದನ್ನು ನಾನು ಹಾಗೆಯೇ ಒಂದರ ಮೇಲೊಂದು ಒತ್ತಿದ್ದೆ, ಕಡಲೆಕಾಯಿ ಬಿಡಿಸುವಂತೆ.

ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ 2004ರ ಜೂನ್‌ನಲ್ಲಿ ತನ್ನ ಹಿರಿಯ ತಂಡಕ್ಕೆ ಇನ್ನು ಪವರ್‌ಪಾಯಿಂಟ್ ಬೇಡ ಎಂದು ಬರೆದು ಕಳಿಸಿದ. ಅದರ ಜಾಗಕ್ಕೆ ಬಂದದ್ದು ಪೂರ್ತಿ ವಾಕ್ಯಗಳಲ್ಲಿ ಬರೆದ ಆರು ಪುಟದ ಬರಹ. ಸಭೆ ಶುರುವಾದ ಕೂಡಲೇ ಯಾರೂ ಮಾತಾಡುವುದಿಲ್ಲ, ಎಲ್ಲರೂ ಕೂತಲ್ಲೇ ಅದನ್ನು ಓದುತ್ತಾರೆ, ಆಮೇಲೆ ಚರ್ಚೆ. ಒಳ್ಳೆಯದೇ. ಆದರೆ ಅವನು ಆಗ ಕಂಪನಿಯ ಮುಖ್ಯಸ್ಥ, ಬೇಡ ಎಂದರೆ ಬೇಡ. ನಮ್ಮನಿಮ್ಮಂಥವರು ಸಭೆಗೆ ಆರು ಪುಟ ತೆಗೆದುಕೊಂಡು ಹೋದರೆ 'ಪಿಪಿಟಿ ಇಲ್ವಾ?' ಎಂದು ಕೇಳುತ್ತಾರೆ. ಬೆಜೋಸನಿಂದ ನಾನು ಎತ್ತಿಕೊಂಡದ್ದು ಆ ಮೌನವನ್ನು ಮಾತ್ರ. ಈಗ ನಮ್ಮಲ್ಲಿ ಪಿಪಿಟಿಯನ್ನು ರಾತ್ರಿ ಕಳಿಸಿ ಕಮೆಂಟು ಬೇಡುವುದಿಲ್ಲ. ಐದೂ ಜನ ಒಂದೇ ಕೋಣೆಯಲ್ಲಿ ಅರ್ಧ ಗಂಟೆ ಬಾಯಿ ಮುಚ್ಚಿ ಕೂರುತ್ತೇವೆ. ಮೊದಲ ಸುತ್ತಿನಲ್ಲಿ ತಲೆಬರಹಗಳನ್ನಷ್ಟೇ ಸಾಲಾಗಿ ಓದುವುದು, ಬಣ್ಣದ ಮಾತು ಎತ್ತಿದವರು ಟೀ ಕೊಡಿಸಬೇಕು. ತಲೆಬರಹ ಹೇಳುವ ಮಾತು ಅದೇ ಸ್ಲೈಡಿನ ಕೆಳಗಿನ ಅಂಕಿಯಲ್ಲಿ ಇದೆಯೇ? ಇದು ಎಷ್ಟರಲ್ಲಿ ಎಷ್ಟು? ಇಲ್ಲಿ ಎಣಿಸದೆ ಬಿಟ್ಟದ್ದು ಯಾರನ್ನು? ಇಷ್ಟನ್ನು ಕೇಳಿದರೆ ಸಾಮಾನ್ಯವಾಗಿ ಇಪ್ಪತ್ತೆರಡು ಸ್ಲೈಡಿನಲ್ಲಿ ಆರೇಳು ತಾವಾಗಿಯೇ ಬಿದ್ದುಹೋಗುತ್ತವೆ. ಫಾಂಟು, ಲೋಗೊ, ಮಹಾಪ್ರಾಣಗಳಿಗೆ ಕೊನೆಯಲ್ಲಿ ಒಬ್ಬರು ಸಾಕು. ಅವೂ ಬೇಕು, 'ಪಲಾನುಭವಿ' ಪರದೆಯ ಮೇಲೆ ಬಂದರೆ ನಗುವವರು ನಗುತ್ತಾರೆ.

ಕಮೆಂಟು ಓದುವ ಸರದಿ ಕೆಳಗಿನಿಂದ ಶುರು. ಕಡತದಲ್ಲಿ ವಿಷಯ ನಿರ್ವಾಹಕ ಮೊದಲು ಬರೆಯುವ ಹಾಗೆ, ಹೊಸಬರು ಮೊದಲು ಹೇಳಬೇಕು, ನಾನು ಕೊನೆಗೆ. ಇದನ್ನು ಜಾರಿಗೆ ತಂದ ಮೊದಲ ದಿನ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಎರಡನೆಯ ದಿನ ಒಂದು ಕಮೆಂಟು ಬಂತು. ಮೂರನೆಯ ದಿನ ನನಗೆ ಬೆವರು ಬಂತು. ಸತ್ಯ ಹೇಳಬೇಕೆಂದರೆ ಪ್ರಶ್ನೆ ಕೇಳಿಸಿಕೊಳ್ಳುವವನ ಮುಖ ಅಭ್ಯಾಸವಾಗಲು ಕೇಳುವವರಿಗಿಂತ ಹೆಚ್ಚು ದಿನ ಬೇಕು. 'ಒಳ್ಳೆ ಪ್ರಶ್ನೆ' ಎಂದು ಬಾಯಿ ಹೇಳುವಾಗ ಹುಬ್ಬು ಬೇರೆಯೇ ಹೇಳುತ್ತಿರುತ್ತದೆ, ಹೊಸಬರು ಹುಬ್ಬನ್ನೇ ಓದುತ್ತಾರೆ.

ಪ್ರಶ್ನೆಯ ಬದಲು ನಗು ಎಬ್ಬಿಸಿದ ಸ್ಲೈಡೂ ಒಂದಿದೆ. ಅಫ್ಘಾನಿಸ್ತಾನದ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯವರ ಒಂದು ಸ್ಲೈಡು ಬಹಳ ಹೆಸರು ಮಾಡಿತ್ತು. ಯಾವುದು ಯಾವುದಕ್ಕೆ ಕಾರಣ ಎಂದು ತೋರಿಸಲು ಹೊರಟು ನೂರಾರು ಬಾಣ ಎಳೆದು, ಕೊನೆಗೆ ಶಾವಿಗೆ ಬಟ್ಟಲಿನಂತೆ ಆಗಿತ್ತು. ಇದು ಅರ್ಥವಾದ ದಿನ ಯುದ್ಧ ಗೆದ್ದಂತೆಯೇ ಎಂಬರ್ಥದ ಮಾತನ್ನು ಅಲ್ಲಿ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಸ್ಟ್ಯಾನ್ಲಿ ಮೆಕ್‌ಕ್ರಿಸ್ಟಲ್ ಹೇಳಿದರಂತೆ, ಕೋಣೆಯಲ್ಲಿ ಎಲ್ಲರೂ ನಕ್ಕರಂತೆ. 2010ರಲ್ಲಿ ಪತ್ರಿಕೆಗಳಲ್ಲಿ ಅದನ್ನು ಓದಿ ನಾನೂ ನಕ್ಕಿದ್ದೆ.

ಮೊನ್ನೆ ಅದೇ ನೀರಿನ ಸಮೀಕ್ಷೆಯ ಎರಡನೆಯ ಹಂತದ ಪಿಪಿಟಿ ಮಾಡಿದೆ. 70% ಹೋಗಿದೆ. ನಲ್ಲಿ ಇಲ್ಲದ 150 ಮನೆಗಳಿಗೆ ಈಗ ತಮ್ಮದೇ ಒಂದು ಸ್ಲೈಡಿದೆ. ಆ ಮನೆಯವರು ನೀರು ತರುವುದು ಎಲ್ಲಿಂದ ಎಂದು ತೋರಿಸಲು ಐದನೆಯ ಸ್ಲೈಡಿನಲ್ಲಿ ಬೋರ್‌ವೆಲ್, ಕೆರೆ, ಪಕ್ಕದ ಮನೆ, ಟ್ಯಾಂಕರ್ ಎಂದು ನಾಲ್ಕು ಪೆಟ್ಟಿಗೆ ಹಾಕಿ ಚೆಂದಕ್ಕೆ ಬಾಣಗಳನ್ನು ಎಳೆದಿದ್ದೆ. ಅರ್ಧ ಗಂಟೆಯ ಮೌನ ಮುಗಿಯುವ ಮುಂಚೆಯೇ ಅಂಚಿನಲ್ಲಿ ಒಂದು ಕಮೆಂಟು ಮೂಡಿತು. ಹೆಸರು ನೋಡಿದೆ, ಅವಳದೇ.

'ಸರ್, ಟ್ಯಾಂಕರ್‌ನಿಂದ ಕೆರೆಗೆ ಬಾಣ ಇದೆ. ಟ್ಯಾಂಕರ್ ನೀರನ್ನ ಕೆರೆಗೆ ಹಾಕ್ತಾರಾ?'

ಹಾಕುವುದಿಲ್ಲ. ಅಥವಾ ಕೆರೆಯಿಂದ ಟ್ಯಾಂಕರಿಗೆ ತುಂಬುತ್ತಾರೆಯೇ? ಅದನ್ನು ನಾವು ಯಾವ ಮನೆಯಲ್ಲೂ ಕೇಳಿಯೇ ಇಲ್ಲ. ರಿಸಾಲ್ವ್ ಗುಂಡಿಯ ಮೇಲೆ ಬೆರಳು ಹೋಯಿತು, ಅವಳು ನನ್ನ ಹುಬ್ಬನ್ನೇ ನೋಡುತ್ತಿದ್ದಳು. ಕಮೆಂಟು ಇನ್ನೂ ತೆರೆದೇ ಇದೆ. ಸೋಮವಾರ ಇಬ್ಬರು ಹಳ್ಳಿಗೆ ಹೋಗುತ್ತಿದ್ದಾರೆ.